ಗಾಂಧಿ ಕ್ಲಾಸ್ ಇಲ್ಲದ ಹಾಕಿ

ಅಕ್ಟೋಬರ್ ಬಂತೆಂದರೆ ಟೊರಾಂಟೋದಲ್ಲಿ ಮಾತಿಗೆ ಎರಡೇ ವಿಷಯ. ಒಂದು ಚಳಿ, ಇನ್ನೊಂದು ಲೀಫ್ಸ್. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರು ಕೂಡ "ನಿನ್ನೆ ರಾತ್ರಿ ನೋಡಿದ್ರಾ?" ಅಂತ ಕೇಳುತ್ತಾರೆ. ಏನನ್ನು ಅಂತ ಹೇಳುವ ಅಗತ್ಯವೇ ಇಲ್ಲ. ಟೊರಾಂಟೋ ಮೇಪಲ್ ಲೀಫ್ಸ್ ಅನ್ನುವ ಈ ಹಾಕಿ ತಂಡ 1967ರ ನಂತರ ಒಂದೇ ಒಂದು ಸಲವೂ ಸ್ಟ್ಯಾನ್ಲಿ ಕಪ್ ಗೆದ್ದಿಲ್ಲ. ನಮ್ಮ ಆರ್‌ಸಿಬಿಯವರು 2025ರಲ್ಲಿ ಗೆಲ್ಲುವ ತನಕ ಹದಿನೆಂಟು ಸೀಸನ್ ಕಾದದ್ದೇ ದೊಡ್ಡ ಪುರಾಣವಾಯಿತು. ಇವರದು ಅಜ್ಜನಿಂದ ಮೊಮ್ಮಗನಿಗೆ ಬಂದ ಕಾಯುವಿಕೆ. ಅಂದಹಾಗೆ, ಇಲ್ಲಿ ಹಾಕಿ ಅಂದರೆ ಐಸ್ ಹಾಕಿ. ನಮ್ಮ ಕೊಡಗಿನ ಹಾಕಿಗೆ ಇವರು ಹಿಂದೊಂದು 'ಫೀಲ್ಡ್' ಸೇರಿಸುತ್ತಾರೆ. ಕೊಡಗಿನ ಬ್ಲಾಗಿಗರು ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ :-)

ಈ ಆಟದ ಬಗ್ಗೆ ಬರೆಯುವಷ್ಟು ಪಾಂಡಿತ್ಯ ನನಗಿಲ್ಲ. ನಾನು ಬರೆಯಬೇಕು ಅಂದುಕೊಂಡಿರುವುದು ಇದನ್ನು ನೋಡೋಕೆ ಆಗದೇ ಇರುವವರ ಬಗ್ಗೆ. ಲಿಫ್ಟಿನಲ್ಲಿ ಅಷ್ಟು ಆಸೆಯಿಂದ ಮಾತಾಡುತ್ತಾರಲ್ಲ, ಅವರನ್ನು "ನೀವು ಅರೀನಾಕ್ಕೆ ಹೋಗಿ ನೋಡಿ ಎಷ್ಟು ವರ್ಷವಾಯ್ತು?" ಅಂತ ಒಮ್ಮೆ ಕೇಳಿ ನೋಡಿ. ಒಂದು ಸಣ್ಣ ನಗು ಬರುತ್ತದೆ, ಆಮೇಲೆ ಮಾತು ಹಿಮದ ಕಡೆ ತಿರುಗುತ್ತದೆ.

ಲೆಕ್ಕ ಸುಲಭ. ಸ್ಕೋಶಿಯಾಬ್ಯಾಂಕ್ ಅರೀನಾದಲ್ಲಿ ಹಾಕಿಗೆ ಸುಮಾರು 18,800 ಸೀಟು. 2025-26ರ ಸೀಸನ್‌ವರೆಗೆ ಒಂದು ತಂಡಕ್ಕೆ ಸ್ವಂತ ಊರಿನಲ್ಲಿ 41 ಲೀಗ್ ಪಂದ್ಯ. ಅಂದರೆ ವರ್ಷಕ್ಕೆ ಏಳೂಮುಕ್ಕಾಲು ಲಕ್ಷ ಸೀಟು. ಗ್ರೇಟರ್ ಟೊರಾಂಟೋದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಎಲ್ಲರೂ ಸರದಿ ಪ್ರಕಾರ ಒಂದೊಂದು ಪಂದ್ಯ ನೋಡಿದರೂ ಒಬ್ಬೊಬ್ಬರ ಪಾಳಿ ಬರೋಕೆ ಹತ್ತಿರಹತ್ತಿರ ಎಂಟು ವರ್ಷ ಬೇಕು. ಆದರೆ ಪಾಳಿ ಅನ್ನೋದು ಇದ್ದರೆ ತಾನೇ? ಸೀಟುಗಳ ದೊಡ್ಡ ಪಾಲು ಸೀಸನ್ ಟಿಕೆಟ್ ಇರುವವರದು. ಅದು ಕಂಪನಿಗಳ ಹೆಸರಲ್ಲಿ, ಹಳೆಯ ಮನೆತನಗಳ ಹೆಸರಲ್ಲಿ ಪಿತ್ರಾರ್ಜಿತ ತೋಟದ ಹಾಗೆ ಕೈಯಿಂದ ಕೈಗೆ ಬರುತ್ತದೆ. ಉಳಿದವರಿಗೆ ಮರುಮಾರಾಟದ ಟಿಕೆಟ್ಟೇ ಗತಿ. ಒಂದಕ್ಕೆ ನೂರು ಡಾಲರ್ ಅಂತ ಇಟ್ಟುಕೊಳ್ಳಿ. ಲೀಫ್ಸ್ ಮಟ್ಟಿಗೆ ಇದು ತುಂಬಾ ಧಾರಾಳದ ಲೆಕ್ಕ, ಮೇಲಿನ ಅಂತಸ್ತಿನ ಮೂಲೆಯ ಸೀಟು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅಂದರೆ ನಾನೂರು. ಒಂಟಾರಿಯೋದಲ್ಲಿ ಕನಿಷ್ಠ ಕೂಲಿ 2025ರ ಅಕ್ಟೋಬರಿನಿಂದ ಗಂಟೆಗೆ 17.60 ಡಾಲರ್. ತೆರಿಗೆ ಕಳೆಯೋದಕ್ಕೂ ಮುಂಚೆ ಇಪ್ಪತ್ತಮೂರು ಗಂಟೆ ದುಡಿಮೆ, ಮೂರು ದಿನ, ಒಂದು ಸಂಜೆಗೆ. ರೈಲಿನ ಖರ್ಚು, ಮಕ್ಕಳು ಕೇಳುವ ಪಾಪ್‌ಕಾರ್ನು ಇನ್ನೂ ಸೇರಿಸಿಲ್ಲ.

"ಆಟಗಾರರಿಗೆ ಕೋಟಿಗಟ್ಟಲೆ ಕೊಡ್ತಾರೆ, ಅದಕ್ಕೇ ಟಿಕೆಟ್ ದುಬಾರಿ" ಅಂತ ಇಲ್ಲಿ ಎಲ್ಲರ ಬಾಯಲ್ಲೂ ಕೇಳುತ್ತೀರಿ. ಕೇಳೋಕೆ ಸರಿ ಅನ್ನಿಸುತ್ತೆ, ಆದರೆ ಬಂಡಿಯ ಹಿಂದೆ ಎತ್ತು ಕಟ್ಟಿದ ಹಾಗೆ. 2004-05ರಲ್ಲಿ ಸಂಬಳಕ್ಕೆ ಮಿತಿ ಹಾಕಬೇಕು ಅಂತ ಮಾಲೀಕರು ಹಟ ಹಿಡಿದು ಬೀಗ ಹಾಕಿದರು, ಇಡೀ ಸೀಸನ್ನೇ ರದ್ದಾಯಿತು. 2005ರಲ್ಲಿ ಮಿತಿ ಬಂತು, ತಂಡಕ್ಕೆ 3.9 ಕೋಟಿ ಅಮೆರಿಕನ್ ಡಾಲರ್. ಟಿಕೆಟ್ ಇಳಿಯಿತೇ? ಆ ಮಿತಿಯನ್ನು ಲೆಕ್ಕ ಹಾಕುವುದೇ ಲೀಗಿನ ಆದಾಯದ ಮೇಲೆ. 2013ರ ಒಪ್ಪಂದದ ಪ್ರಕಾರ ಆದಾಯದ ಅರ್ಧ ಆಟಗಾರರಿಗೆ. ಮೊದಲು ನಮ್ಮ ಜೇಬಿಂದ ಹೋಗಬೇಕು, ಆಮೇಲೆ ಅವರ ಸಂಬಳ ಏರಬೇಕು. 2025-26ಕ್ಕೆ ಮಿತಿ 9.55 ಕೋಟಿಗೆ ಬಂತು. ಐಸ್ ಹಾಕುವ ಖರ್ಚು, ದೀಪದ ಖರ್ಚು, ರೆಫರಿ ಖರ್ಚು, ಹತ್ತು ಸಾವಿರ ಜನ ಬಂದರೂ ಅಷ್ಟೇ, ಹದಿನೆಂಟು ಸಾವಿರ ಬಂದರೂ ಹೆಚ್ಚುಕಡಿಮೆ ಅಷ್ಟೇ. ಟಿಕೆಟ್ಟಿನ ಬೆಲೆ ನಿರ್ಧಾರ ಆಗೋದು ಖರ್ಚಿನಿಂದ ಅಲ್ಲ, ಕೊಳ್ಳುವವನು ಎಲ್ಲಿಯವರೆಗೆ ಸಹಿಸ್ತಾನೆ ಅನ್ನೋದರಿಂದ. (ಒಂದು ಮಾತು ಮಾಲೀಕರ ಪರವಾಗಿಯೂ ಹೇಳಬೇಕು. ಕೆನಡಾದ ತಂಡಗಳು ಟಿಕೆಟ್ ಮಾರೋದು ಕೆನಡಾ ಡಾಲರಿನಲ್ಲಿ, ಸಂಬಳ ಕೊಡೋದು ಅಮೆರಿಕನ್ ಡಾಲರಿನಲ್ಲಿ. ಆ ಪೆಟ್ಟು ನಿಜ.)

ಈಗ ನಮ್ಮೂರಿನ ಟಾಕೀಸು ನೆನಪು ಮಾಡಿಕೊಳ್ಳಿ. ಬಾಲ್ಕನಿ, ಸೆಕೆಂಡ್ ಕ್ಲಾಸ್, ಅದರ ಮುಂದೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಗಾಂಧಿ ಕ್ಲಾಸ್. ಅಣ್ಣಾವ್ರು ಪರದೆ ಮೇಲೆ ಬಂದಾಗ ಶಿಳ್ಳೆ ಎಲ್ಲಿಂದ ಬರ್ತಿತ್ತು? ಚಿಲ್ಲರೆ ಕಾಸು ಯಾರು ಎಸೀತಿದ್ದರು? ಬಾಲ್ಕನಿಯವರಂತೂ ಅಲ್ಲ. ಬಾಲ್ಕನಿಯವರು ಕೂಡ ಟಿಕೆಟ್ ಕೊಟ್ಟು ನೋಡ್ತಿದ್ದದ್ದು ಅರ್ಧ ಸಿನಿಮಾ, ಇನ್ನರ್ಧ ಮುಂದಿನ ಬೆಂಚಿನವರ ಗಲಾಟೆ.

ಇಲ್ಲೂ ಹಾಗೊಂದು ಗಾಂಧಿ ಕ್ಲಾಸ್ ಇತ್ತು. ಲೀಫ್ಸ್ 1931ರಿಂದ 1999ರ ತನಕ ಆಡಿದ್ದು ಮೇಪಲ್ ಲೀಫ್ ಗಾರ್ಡನ್ಸ್ ಅನ್ನುವ ಕಟ್ಟಡದಲ್ಲಿ. ಮಹಾ ಆರ್ಥಿಕ ಕುಸಿತದ ನಡುವೆ ಕಾನ್ ಸ್ಮೈತ್ ಕಟ್ಟಿಸಿದ್ದು. ದುಡ್ಡು ಸಾಲದೇ ಹೋದಾಗ ಕಟ್ಟಡ ಕಾರ್ಮಿಕರು ಕೂಲಿಯ ಒಂದು ಪಾಲನ್ನು ನಗದಿನ ಬದಲು ಷೇರುಗಳಲ್ಲಿ ತೆಗೆದುಕೊಂಡರು. ಗಾರೆಯವನು, ಬಡಗಿ, ಎಲ್ಲರೂ ಆ ಕಟ್ಟಡದ ಪುಟಾಣಿ ಒಡೆಯರು! ಒಳಗೆ ಸೀಟುಗಳನ್ನು ಬಣ್ಣದಿಂದ ಕರೆಯುತ್ತಿದ್ದರು. ಐಸ್ ಪಕ್ಕದ್ದು ಗೋಲ್ಡ್ಸ್, ಸೂರಿನ ಕೆಳಗಿನ ತುತ್ತತುದಿಯದ್ದು ಗ್ರೇಸ್. ಗ್ರೇಸ್ ಅಂದರೆ ಅಗ್ಗ, ಅಲ್ಲಿಂದ ಆಟಗಾರರು ಇರುವೆ ಹಾಗೆ ಕಾಣುತ್ತಾರೆ, ಆದರೆ ಕೂಗು ಹೊರಡೋದು ಅಲ್ಲಿಂದಲೇ. ಹಳೇದೆಲ್ಲ ಸತ್ಯಯುಗ ಅಂತ ನಾನು ಹೇಳುತ್ತಿಲ್ಲ, ಮತ್ತೆ. ಅದೇ ಗಾರ್ಡನ್ಸ್‌ನ ಒಡೆಯನಾಗಿದ್ದ ಹೆರಾಲ್ಡ್ ಬಲ್ಲಾರ್ಡ್ 1972ರಲ್ಲಿ ವಂಚನೆ ಕೇಸಿನಲ್ಲಿ ಜೈಲಿಗೆ ಹೋದವನು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿಯವರೊಬ್ಬರಿದ್ದಾರೆ, ಅರವತ್ತು ದಾಟಿದವರು. ಆ ಗ್ರೇಸ್‌ನಲ್ಲಿ ಅಪ್ಪನ ಜೊತೆ ಕೂತು ಬೆಳೆದವರು. 1967ರ ತಂಡವನ್ನು ವಿಷ್ಣು ಸಹಸ್ರನಾಮದ ಹಾಗೆ ಒಪ್ಪಿಸುತ್ತಾರೆ: ಜಾನಿ ಬೋವರ್, ಟೆರ್ರಿ ಸಾಚಕ್, ಡೇವ್ ಕಿಯಾನ್, ಟಿಮ್ ಹಾರ್ಟನ್. (ಹೌದು, ನಾವು ಕಾಫಿ ಕುಡಿಯೋ ಅಂಗಡಿ ಅದೇ ಮನುಷ್ಯನ ಹೆಸರಿನದು, ಆಡುತ್ತಿದ್ದಾಗಲೇ 1964ರಲ್ಲಿ ಶುರು ಮಾಡಿದ್ದು.) 1999ರ ಫೆಬ್ರವರಿಯಲ್ಲಿ ತಂಡ ಹೊಸ ಅರೀನಾಕ್ಕೆ ಹೋಯಿತು. ಇವರು ಅದರೊಳಗೆ ಇವತ್ತಿನ ತನಕ ಕಾಲಿಟ್ಟಿಲ್ಲ. ಕೆಲಸದ ಮೇಜಿನ ಕೆಳಗೆ ಒಂದು ಸಣ್ಣ ರೇಡಿಯೋ ಇಟ್ಟುಕೊಂಡು ಕೇಳುತ್ತಾರೆ.

ಮತ್ತೆ ನಾನು? ನಾನು ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಕಾಸು ಬಿಚ್ಚದೆ. ನಮ್ಮ ಆಫೀಸಿಗೆ ಸಾಮಾನು ಮಾರುವ ಕಂಪನಿಯೊಂದರ ಸೀಸನ್ ಟಿಕೆಟ್ಟು, ಕೆಳಗಿನ ಅಂತಸ್ತು, ಗಾಜಿನಿಂದ ಹನ್ನೊಂದನೇ ಸಾಲು. ಮೊದಲ ಸಲ ಹೋದಾಗ 'ಐಸಿಂಗ್' ಅಂದರೆ ಕೇಕಿನ ಮೇಲಿನದು ಮಾತ್ರ ಅಂತ ತಿಳಿದಿದ್ದವನು ನಾನು. ಪಕ್ಕದಲ್ಲಿ ಕೂತಿದ್ದವರು ಮೊದಲ ಪೀರಿಯಡ್ ಪೂರ್ತಿ ಒಂದು ಗೋದಾಮಿನ ಬಾಡಿಗೆ ಬಗ್ಗೆ ಮಾತಾಡಿದರು. ವಿರಾಮದಲ್ಲಿ ಎಲ್ಲರೂ ಎದ್ದು ಒಳಗಿನ ಲೌಂಜಿಗೆ ಹೋದರು. ಎರಡನೇ ಪೀರಿಯಡ್ ಶುರುವಾಗಿ ಐದಾರು ನಿಮಿಷವಾದರೂ ಸುತ್ತಮುತ್ತ ಸಾಲುಸಾಲು ಖಾಲಿ ಕುರ್ಚಿ. ಟೀವಿಯಲ್ಲಿ ಲೀಫ್ಸ್ ಪಂದ್ಯ ನೋಡುವವರಿಗೆ ಈ ದೃಶ್ಯ ಹೊಸದಲ್ಲ: ಆಟ ನಡೀತಾ ಇರುತ್ತೆ, ಅತಿ ದುಬಾರಿ ಸೀಟುಗಳೇ ಖಾಲಿ ಹೊಡೀತಾ ಇರುತ್ತವೆ. ಗಲಾಟೆ ಮಾಡಿ ಅಂತ ಮೇಲಿನ ದೊಡ್ಡ ಪರದೆಯಲ್ಲಿ ಬರೆದು ತೋರಿಸಬೇಕು! ಶಿಳ್ಳೆ ಹಾಕೋಕೆ ಪರದೆಯಿಂದ ಆಜ್ಞೆ ಬರೋ ಟಾಕೀಸು ನಮ್ಮಲ್ಲಿ ಇತ್ತೇ?

ಪ್ಲೇಆಫ್ ಬಂದಾಗ ಕಥೆ ಬೇರೆ, ಒಪ್ಪುತ್ತೇನೆ. 2025ರ ಮೇ ತಿಂಗಳಲ್ಲಿ ಫ್ಲಾರಿಡಾ ವಿರುದ್ಧ ಏಳನೇ ಪಂದ್ಯವನ್ನು ಇಲ್ಲೇ 6-1ರಲ್ಲಿ ಸೋತಾಗ ಒಳಗಿದ್ದವರು ಜೆರ್ಸಿ ಕಳಚಿ ಐಸ್ ಮೇಲೆ ಎಸೆದರು. ಆದರೆ ಪ್ಲೇಆಫ್ ಸಮಯದಲ್ಲಿ ನಿಜವಾದ ಗಾಂಧಿ ಕ್ಲಾಸ್ ಕಾಣೋದು ಅರೀನಾದ ಹೊರಗೆ. ಅಲ್ಲೊಂದು ಚೌಕವಿದೆ, ಗೋಡೆಗೆ ದೊಡ್ಡ ಪರದೆ. ಸಾವಿರಾರು ಜನ ರಸ್ತೆಯಲ್ಲಿ ನಿಂತು, ಮಳೆಯಲ್ಲಿ ತೊಯ್ದು, ನೂರು ಗಜ ಒಳಗೆ ನಡೀತಿರೋ ಆಟವನ್ನು ಟೀವಿಯಲ್ಲಿ ನೋಡುತ್ತಾರೆ. 2013ರ ಮೇನಲ್ಲಿ ಬಾಸ್ಟನ್ನಿನಲ್ಲಿ 4-1 ಮುಂದಿದ್ದು 5-4 ಸೋತ ರಾತ್ರಿಯೂ ಅಲ್ಲೇ ನಿಂತಿದ್ದರು. ಇದನ್ನು ಪತ್ರಿಕೆಗಳು 'ಅಭಿಮಾನದ ಸಾಗರ' ಅಂತೆಲ್ಲ ಹಾಡಿ ಹೊಗಳುತ್ತವೆ. ನನಗೆ ಮಾತ್ರ ಮದುವೆ ಮನೆಯ ಹೊರಗೆ ನಿಂತು ಓಲಗ ಕೇಳುವವರು ನೆನಪಾಗುತ್ತಾರೆ.

ಆ ಗೋದಾಮಿನ ಬಾಡಿಗೆಯವರ ವಿಷಯಕ್ಕೆ ಇನ್ನೊಂದು ಮಾತು ಸೇರಿಸಬೇಕು. ಕೆನಡಾದ ತೆರಿಗೆ ಕಾನೂನಿನಲ್ಲಿ ವ್ಯಾಪಾರದ ಸಲುವಾಗಿ ಮಾಡಿದ ಊಟ-ಮನರಂಜನೆ ಖರ್ಚಿನ ಅರ್ಧವನ್ನು ಆದಾಯದಿಂದ ಕಳೆಯಬಹುದು. ಹಾಕಿ ಟಿಕೆಟ್ಟೂ ಅದರಲ್ಲಿ ಸೇರುತ್ತೆ. ನರ್ಸೊಬ್ಬಳು ಮಗನನ್ನು ಕರೆದುಕೊಂಡು ಹೋದರೆ ಪೂರ್ತಿ ಅವಳದೇ ದುಡ್ಡು, ಕಂಪನಿ ಗಿರಾಕಿಯನ್ನು ಕರೆದುಕೊಂಡು ಹೋದರೆ ಸರಕಾರದ ಕೈಯೂ ಸ್ವಲ್ಪ ಸೇರುತ್ತದೆ. ಅಮೆರಿಕದವರು 2017ರ ತೆರಿಗೆ ಕಾನೂನಿನಲ್ಲಿ ಮನರಂಜನೆಗೆ ಈ ರಿಯಾಯಿತಿಯನ್ನು ತೆಗೆದೇ ಹಾಕಿದರು. ಇಲ್ಲಿ ಆ ಮಾತೇ ಏಳುವುದಿಲ್ಲ.

ಇನ್ನೂ ತಮಾಷೆ ಬೇಕಾ? 2012ರ ತನಕ ಲೀಫ್ಸ್ ಕಂಪನಿಯ ಬಹುಪಾಲು ಯಾರ ಕೈಲಿತ್ತು ಗೊತ್ತಾ? ಒಂಟಾರಿಯೋದ ಶಾಲಾ ಮೇಷ್ಟ್ರುಗಳ ಪಿಂಚಣಿ ನಿಧಿಯ ಕೈಲಿ. ಮೇಷ್ಟ್ರುಗಳ ವೃದ್ಧಾಪ್ಯಕ್ಕೆ ದುಡ್ಡು ಬೆಳೀತಾ ಇದ್ದದ್ದು, ಮೇಷ್ಟ್ರೊಬ್ಬರು ಸಂಬಳದಲ್ಲಿ ಆರಾಮಾಗಿ ಕೊಳ್ಳೋಕಾಗದ ಟಿಕೆಟ್ಟಿನಿಂದ. ಅವರು ಅದನ್ನು 132 ಕೋಟಿ ಡಾಲರಿಗೆ ಬೆಲ್ ಮತ್ತು ರಾಜರ್ಸ್ ಎಂಬ ಎರಡು ಫೋನ್-ಕೇಬಲ್ ಕಂಪನಿಗಳಿಗೆ ಮಾರಿದರು. 2025ರ ಜುಲೈಯಲ್ಲಿ ರಾಜರ್ಸ್ ಬೆಲ್‌ನ 37.5 ಶೇಕಡಾ ಪಾಲನ್ನು 470 ಕೋಟಿಗೆ ಕೊಂಡಿತು. ಕೆನಡಾದಲ್ಲಿ ಈ ಲೀಗಿನ ಪ್ರಸಾರದ ಹಕ್ಕೂ ರಾಜರ್ಸ್‌ದೇ, 2025ರಲ್ಲಿ ಮತ್ತೆ ಹನ್ನೆರಡು ವರ್ಷಕ್ಕೆ 1,100 ಕೋಟಿ ಕೊಟ್ಟು ಮುಂದುವರಿಸಿಕೊಂಡಿದೆ. ಹಾಗಾಗಿ ಅರೀನಾಕ್ಕೆ ಹೋಗೋಕಾಗದೆ ಮನೆಯಲ್ಲಿ ಚಾನೆಲ್ ಹಾಕಿಸಿಕೊಂಡವನೂ ಕೊನೆಗೆ ದುಡ್ಡು ಕಟ್ಟೋದು ಅದೇ ಕೌಂಟರಿನಲ್ಲಿ.

ನನ್ನ ಗೆಳೆಯನೊಬ್ಬ, ಎಂಬಿಎ ಓದಿದವನು, ಇದನ್ನೆಲ್ಲ ಹೇಳಿದರೆ ನಗುತ್ತಾನೆ. "ಹೌಸ್‌ಫುಲ್ ಆಗ್ತಿದೆಯಲ್ಲ ಮಾರಾಯ, ಅಂದ ಮೇಲೆ ಬೆಲೆ ಸರಿಯಾಗೇ ಇದೆ" ಅಂತ. ಇದೇ ವಾದಕ್ಕೆ ಉತ್ತರ ಕೊಡಬೇಕು ಅಂತ ಇಷ್ಟೆಲ್ಲ ಬರೆದದ್ದು. ಹೌಸ್‌ಫುಲ್ ಅನ್ನೋದು ಎಷ್ಟು ಜನ ಅಂತ ಹೇಳುತ್ತೆ, ಯಾರು ಅಂತ ಹೇಳೋಲ್ಲ. ಬೆಲೆ ಏರಿದಾಗ ಟೊರಾಂಟೋದಲ್ಲಿ ಅಭಿಮಾನಿಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಒಳಗಿದ್ದವರು ಹೊರಗೆ ಬಂದರು, ಹೊರಗಿದ್ದ ಇನ್ಯಾರೋ ಒಳಗೆ ಹೋದರು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ.

ಅದೂ ಅಲ್ಲದೆ ಇಲ್ಲಿ ಪೈಪೋಟಿ ಎಲ್ಲಿದೆ? ಅರವತ್ತು ಲಕ್ಷ ಜನಕ್ಕೆ ಒಂದೇ ತಂಡ. 2009ರಲ್ಲಿ ಬ್ಲ್ಯಾಕ್‌ಬೆರಿ ಖ್ಯಾತಿಯ ಜಿಮ್ ಬಾಲ್ಸಿಲಿ ದಿವಾಳಿಯಾಗಿದ್ದ ಫೀನಿಕ್ಸ್ ತಂಡವನ್ನು ಕೊಂಡು ಪಕ್ಕದ ಹ್ಯಾಮಿಲ್ಟನ್ನಿಗೆ ತರುತ್ತೇನೆ ಅಂದ. ಲೀಗು ಒಪ್ಪಲಿಲ್ಲ, ಕೋರ್ಟೂ ಅವನ ಪರ ನಿಲ್ಲಲಿಲ್ಲ. ಒಂದೇ ಬಾವಿ ಇರೋ ಊರಿನಲ್ಲಿ ನೀರಿನ ಬೆಲೆಯನ್ನು ಮಾರುಕಟ್ಟೆ ನಿರ್ಧರಿಸಿತು ಅನ್ನೋದು ಸ್ವಲ್ಪ ಜಾಸ್ತಿಯಾಯ್ತು ಅಂತ ನನ್ನ ಅನಿಸಿಕೆ.

ಟೊರಾಂಟೋದಂಥ ದೊಡ್ಡೂರು ಅಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ವಿನಿಪೆಗ್ ನೋಡಿ. 1996ರಲ್ಲಿ ತಂಡ ಕಳಕೊಂಡ ಊರು. 2011ರಲ್ಲಿ ಅಟ್ಲಾಂಟಾದಿಂದ ತಂಡ ವಾಪಸ್ ಬಂದಾಗ 13,000 ಸೀಸನ್ ಟಿಕೆಟ್ಟುಗಳು ನೋಡನೋಡುತ್ತಲೇ ಖರ್ಚಾಗಿ ಹೋದವು. 2023ಕ್ಕೆ ಬಂದಾಗ ಆ ಸಂಖ್ಯೆ 9,500ಕ್ಕಿಂತ ಕೆಳಗೆ. ಕೋವಿಡ್ಡಿನ ಪಾಲೂ ಇದೆ, ನಿಜ. ಆದರೆ ಅಲ್ಲಿ ಸೀಟು ತುಂಬೋಕೆ ಬ್ಯಾಂಕುಗಳು, ವಕೀಲರ ಕಂಪನಿಗಳು ಸಾಲುಗಟ್ಟಿ ನಿಂತಿಲ್ಲ. ಸೀಸನ್ ಟಿಕೆಟ್ ಹೊತ್ತಿದ್ದವರು ಮನೆಮಂದಿ. ಅವರ ಕೈ ಸೋತಾಗ ಖಾಲಿ ಕುರ್ಚಿ ನೇರವಾಗಿ ಕಣ್ಣಿಗೆ ಬಿತ್ತು, ತಂಡದವರೇ ಮನೆಮನೆಗೆ ಹೋಗಿ ಕರೆಯುವಂಥ ಪ್ರಚಾರ ಶುರು ಮಾಡಿದರು. ಟೊರಾಂಟೋದಲ್ಲಿ ಅದೇ ಗಾಯ, ಮೇಲೆ ಸೂಟು ಹೊದಿಸಿದೆ ಅಷ್ಟೇ.

ಸರಿ, ಟಿಕೆಟ್ ಇಳಿಸಿ ಅಂದರೆ ಕಾಳಸಂತೆಯವರು ಬಾಚಿಕೊಂಡು ಹೋಗ್ತಾರಲ್ಲ? ಇದು ನ್ಯಾಯವಾದ ಪ್ರಶ್ನೆ. ಮೆಜೆಸ್ಟಿಕ್ಕಿನಲ್ಲಿ "ಹತ್ತಕ್ ಇಪ್ಪತ್ತು, ಹತ್ತಕ್ ಇಪ್ಪತ್ತು" ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂಟಾರಿಯೋ ಸರಕಾರ 2017ರಲ್ಲಿ ಒಂದು ಕಾನೂನು ತಂದಿತ್ತು: ಮುಖಬೆಲೆಗಿಂತ ಶೇಕಡಾ ಐವತ್ತಕ್ಕಿಂತ ಹೆಚ್ಚಿಗೆ ಮರುಮಾರಾಟ ಮಾಡುವ ಹಾಗಿಲ್ಲ ಅಂತ. ಆ ಮಿತಿ ಜಾರಿಯಾಗುವ ಮುಂಚೆಯೇ 2018ರಲ್ಲಿ ಹೊಸ ಸರಕಾರ ಬಂತು, ತಡೆಹಿಡಿಯಿತು, 2019ರಲ್ಲಿ ಕಿತ್ತೇ ಹಾಕಿತು. ನಮ್ಮಲ್ಲೂ 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಕಾನೂನಿನಿಂದ ಬೆಲೆ ಇಳಿಸುವ ದಾರಿ ಎರಡೂ ಕಡೆ ಕಲ್ಲುಮುಳ್ಳಿನದೇ.

ಆದರೆ ಕಾನೂನೊಂದೇ ದಾರಿಯಲ್ಲ. 2016ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬು ಮುಂದಿನ ಸೀಸನ್ನಿಗೆ 77 ಪೌಂಡಿನ ಟಿಕೆಟ್ ತರುತ್ತೇನೆ ಅಂದಿತು. ಅಭಿಮಾನಿಗಳು ಏನು ಮಾಡಿದರು ಗೊತ್ತೇ? ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟೇಬಿಟ್ಟರು. ಆಗ 2-0 ಮುಂದಿದ್ದ ತಂಡ ಆಮೇಲೆ ಎರಡು ಗೋಲು ಬಿಟ್ಟು 2-2 ಮಾಡಿಕೊಂಡಿತು! ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಯೋಜನೆ ಕೈಬಿಟ್ಟರು. ಅದೇ ವರ್ಷ ಪ್ರೀಮಿಯರ್ ಲೀಗು ಬೇರೆ ಊರಿಂದ ಬರುವ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿತು. (ಆ ಲಿವರ್‌ಪೂಲ್ ಮಾಲೀಕರು 2021ರಲ್ಲಿ ಪಿಟ್ಸ್‌ಬರ್ಗಿನ ಹಾಕಿ ತಂಡವನ್ನೂ ಕೊಂಡರು. ಪಾಠ ಜ್ಞಾಪಕ ಇದೆಯೋ ಇಲ್ಲವೋ.) ಟೊರಾಂಟೋದಲ್ಲಿ ಹಾಗೆ ಎದ್ದು ಹೋಗೋಕೆ ಸಿಟ್ಟಾಗಿರುವವರು ಮೊದಲು ಒಳಗಿರಬೇಕಲ್ಲ? ಗೋದಾಮಿನ ಬಾಡಿಗೆಯವರು ಎದ್ದು ಹೋದರೆ ಲೌಂಜಿಗೆ ಹೋದರು ಅಂತ ಅಂದುಕೊಳ್ಳುತ್ತಾರೆ.

ವಲಸೆ ಬಂದ ನಮ್ಮಂಥವರಿಗೆ ಇದರಿಂದ ಏನು ಅಂತ ಕೇಳಬಹುದು. ಈ ದೇಶದಲ್ಲಿ 'ನಾನೂ ಇಲ್ಲಿಯವನು' ಅನ್ನಿಸಿಕೊಳ್ಳೋಕೆ ಹಾಕಿಯಷ್ಟು ಹತ್ತಿರದ ದಾರಿ ಇನ್ನೊಂದಿಲ್ಲ. 2008ರಿಂದ ಹಾಕಿ ನೈಟ್ ಇನ್ ಕೆನಡಾ ಪಂಜಾಬಿಯಲ್ಲೂ ಪ್ರಸಾರವಾಗುತ್ತಿದೆ. ಹರ್‌ನಾರಾಯಣ್ ಸಿಂಗ್ ಪಂಜಾಬಿಯಲ್ಲಿ ಗೋಲು ಕೂಗೋದನ್ನು ಕೇಳಿದರೆ ಭಾಷೆ ಬರದ ನನಗೂ ಮೈ ಜುಮ್ ಅನ್ನುತ್ತೆ. ಬ್ರಾಂಪ್ಟನ್ನಿನ ಅಜ್ಜಿಯರು ಟೀವಿ ಮುಂದೆ ಕೂತು ಪಕ್ ಎಲ್ಲಿ ಅಂತ ಹುಡುಕೋದು ಕಲಿತರು. ಟೀವಿ ಬಾಗಿಲು ತೆರೆಯಿತು, ಟಿಕೆಟ್ ಕೌಂಟರು ಚಿಲಕ ಹಾಕಿಕೊಂಡಿತು.

ಅಗ್ಗದ ಟಿಕೆಟ್ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಜನವರಿ 1ರಂದು ಹೆಂಗಸರ ವೃತ್ತಿಪರ ಲೀಗು ಶುರುವಾಯಿತು. ಮೊಟ್ಟಮೊದಲ ಪಂದ್ಯ ಎಲ್ಲಿ ಗೊತ್ತಾ? ಅದೇ ಹಳೆಯ ಗಾರ್ಡನ್ಸ್ ಕಟ್ಟಡದಲ್ಲಿ! ಈಗ ಅದರ ಕೆಳಗೆ ದಿನಸಿ ಅಂಗಡಿ, ಮೇಲೆ ಯೂನಿವರ್ಸಿಟಿಯ ಸಣ್ಣ ರಿಂಕ್, ಎರಡು ಸಾವಿರ ಚಿಲ್ಲರೆ ಸೀಟು. ಟೊರಾಂಟೋ ಹುಡುಗಿಯರು ನ್ಯೂಯಾರ್ಕಿಗೆ 4-0 ಸೋತರು, ಪಾಪ. ಮುಂದಿನ ತಿಂಗಳು, ಫೆಬ್ರವರಿ 16ಕ್ಕೆ, ಲೀಫ್ಸ್ ಆಡುವ ದೊಡ್ಡ ಅರೀನಾದಲ್ಲೇ ಮಾಂಟ್ರಿಯಲ್ ವಿರುದ್ಧ ಆಡಿದರು. ಬಂದವರು 19,285 ಜನ. ಲೀಫ್ಸ್ ಪಂದ್ಯಕ್ಕಿಂತ ಜಾಸ್ತಿ. ಅವತ್ತು ಟೀವಿಯಲ್ಲಿ ನೋಡಿದ್ದೆ: ಸಾಲುಸಾಲು ಪುಟ್ಟ ಹುಡುಗಿಯರು, ಕೈಯಲ್ಲಿ ತಾವೇ ಬರೆದ ರಟ್ಟಿನ ಹಲಗೆ, ಅಪ್ಪಂದಿರ ಹೆಗಲ ಮೇಲೆ. ಕಟ್ಟಡ ಅದೇ, ಐಸ್ ಅದೇ, ಕುರ್ಚಿಗಳೂ ಅವೇ. ಪರದೆಯಿಂದ ಆಜ್ಞೆ ಬರುವ ತನಕ ಯಾರೂ ಕಾಯುತ್ತಿರಲಿಲ್ಲ.

ನಾನು ಕೇಳೋದು ಬಹಳ ಏನಲ್ಲ. ಎಲ್ಲಾ ಟಿಕೆಟ್ ಇಳಿಸಿ ಅಂತ ಕೇಳುವಷ್ಟು ದಡ್ಡ ನಾನಲ್ಲ. ಮೇಲಿನ ಅಂತಸ್ತಿನಲ್ಲಿ ಒಂದು ಸಾವಿರ ಸೀಟು ಪಕ್ಕಕ್ಕಿಡಿ. ಇಪ್ಪತ್ತು ಡಾಲರ್. ಲಾಟರಿ ಎತ್ತಿ ಕೊಡಿ, ಹೆಸರು ಹಾಕಿ ಕೊಡಿ, ಗುರುತಿನ ಚೀಟಿ ನೋಡಿ ಒಳಗೆ ಬಿಡಿ, ಬರೋಕಾಗದಿದ್ದರೆ ನಿಮಗೇ ವಾಪಸ್ ಮಾರಬೇಕು ಅನ್ನಿ. ಕಾಳಸಂತೆಯವನಿಗೆ ಅಲ್ಲೇನು ಕೆಲಸ? ನೂರು ಡಾಲರಿನ ಸೀಟು ಇಪ್ಪತ್ತಕ್ಕೆ ಹೋದರೆ ಪಂದ್ಯಕ್ಕೆ ಎಂಬತ್ತು ಸಾವಿರ ನಷ್ಟ, 41 ಪಂದ್ಯಕ್ಕೆ 33 ಲಕ್ಷದ ಒಳಗೆ. 9.55 ಕೋಟಿ ಸಂಬಳ ಕೊಡುವ ತಂಡಕ್ಕೆ ಇದು ಬೆಂಚಿನ ಮೇಲೆ ಕೂರುವ ಒಬ್ಬ ಆಟಗಾರನ ಖರ್ಚು. ಆ ಸೀಟುಗಳಿಗೆ ಹಳೆಯ ಹೆಸರೇ ಇಡಿ, ಗ್ರೇಸ್ ಅಂತ.

ನಮ್ಮ ಸೆಕ್ಯೂರಿಟಿಯವರಿಗೆ ಈ ಐಡಿಯಾ ಹೇಳಿದೆ. ಲಾಟರಿಯಲ್ಲಿ ಗೆದ್ದರೂ ಅವತ್ತು ರಾತ್ರಿ ಪಾಳಿ ಯಾರು ನೋಡ್ತಾರೆ ಅಂತ ಕೇಳಿದರು. ನಾನು ಕೂರ್ತೀನಿ ಅಂದಿದ್ದೇನೆ. ಸದ್ಯಕ್ಕೆ ಹೆಂಗಸರ ಲೀಗಿನ ಪಂದ್ಯವೊಂದಕ್ಕೆ ನಾಲ್ಕು ಟಿಕೆಟ್ ತಗೊಂಡಿದ್ದೇವೆ, ಅವರೂ ಬರ್ತಾರಂತೆ, ರೇಡಿಯೋ ಮನೆಯಲ್ಲಿ ಬಿಟ್ಟು.